ಹಂಪವ್ವನ ಪಾಟಿ

ಅದು ನಿಜಾಮರ ಕಾಲ. ಯಲಬುರ್ಗಾದ ಸರಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಬೇಕೆಂದವರು ಮಠದ ಪಡಸಾಲೆಗೆ, ನನ್ನ ಹತ್ತಿರ ಬರುತ್ತಿದ್ದರು. ಅವರಲ್ಲಿ ಹುಡುಗಿ ಒಬ್ಬಳೇ, ಈಶಪ್ಪನ ಮಗಳು ಹಂಪವ್ವ. ಕೂಸಿದ್ದಾಗಲೇ ಅವಳ ಮದುವೆ ಮಾಡಿಬಿಟ್ಟಿದ್ದರು, ಪುಣ್ಯಾತ್ಮರು! ಈಗ ನವಲಿಗೆ, ಗಂಡನ ಮನೆಗೆ ಕಳಿಸುತ್ತಾರೆಂದು ಸುದ್ದಿ. ಇನ್ನೊಂದು ವರ್ಷ ಓದಲಿ ಎಂದು ಈಶಪ್ಪನಿಗೆ ಹೇಳಿಯೇ ತೀರಬೇಕೆಂದಿದ್ದೆ.

ಅವತ್ತು ಪಾಟಿ ಎತ್ತಿ ಹಿಡಿದೆ. "ಇದು ಮೊದಲ ಏನಿತ್ತು ಹೇಳ್ರಿ, ಮಂಗ್ಯಾಗಳಿರಾ?"

"ಕಲ್ಲರೀ."

"ನಿಮ್ಮ ತಲಿ! ಕೆಸರಿತ್ತು. ನೀರಿನ ತಳದಾಗ ಪದರ ಪದರ ಕೂತಿತ್ತು. ಮ್ಯಾಲೆ ಗುಡ್ಡದಷ್ಟು ಮಣ್ಣು ಬಿತ್ತು. ಒತ್ತಿಕೊಂಡು ಮೆತ್ತನ ಕಲ್ಲಾತು. ಇನ್ನೂ ಆಳಕ್ಕ ಹೋತು. ಅಲ್ಲಿ ನೆಲದ ಕಾವು. ಕರಗಲಿಲ್ಲ ಮತ್ತ! ಕಾವು, ಭಾರ ಕೂಡಿ ಒಳಗಿನ ಕಣಾನ ಬದಲಿ ಮಾಡಿದ್ವು, ಎಲ್ಲಾ ಒಂದ ದಿಕ್ಕಿಗೆ ಮಲಗಿದ್ವು. ಅದಕ್ಕ ಇದು ಹಾಳಿಹಾಳಿಯಾಗಿ ಸೀಳತೈತಿ. ಇಂಥಾದ್ದಕ್ಕ ರೂಪಾಂತರ ಶಿಲೆ ಅಂತಾರ. ನಿಮ್ಮ ಕೈಯಾಗಿನ ಬಳಪಾನೂ ಅದ ಜಾತಿ."

ಹಂಪವ್ವ ಎದ್ದು ನಿಂತಳು. "ಇದು ತಿರುಗಿ ಕೆಸರ ಆಗೂದಿಲ್ಲೇನ್ರಿ?"

"ಮಳಿ ಗಾಳಿಗೆ ಸವದ್ರ ಆದೀತವ್ವ, ಅದಕ್ಕ ಯುಗ ಬೇಕು. ಆದರ ಯಾಕ ಆಗಬೇಕು? ಕಾವು, ಭಾರ ತಡಕೊಂಡಿದ್ದಕ್ಕ ಗಟ್ಟಿ ಆತು, ಅಕ್ಷರ ಮೂಡಾಕತ್ತಾವು!"

ಹುಡುಗಿ ಮನೆಗೆ ಹೋಗಿ ಪಾಠವನ್ನೆಲ್ಲ ಅಪ್ಪನಿಗೆ ಒಪ್ಪಿಸಿದಳು, ಒಂದು ಮಾತೂ ಬಿಡದೆ. ಅಷ್ಟು ಜಾಣೆ.

ಮರುದಿನ ಅವರ ಮನೆ ಮುಂದೆ ಬಂಡಿ ನಿಂತಿದೆ ಎಂದರು. ಬಿದ್ದೆನೋ ಎದ್ದೆನೋ ಎಂದು ಓಡಿದೆ.

"ಈಶಪ್ಪ, ಇನ್ನೊಂದು ವರ್ಷ ಇರಲೋ. ಭಾಳ ಛಲೋ ಓದತಾಳ."

ಈಶಪ್ಪ ಕೈಮುಗಿದ. "ನೀವ ಹೇಳೀರಂತಲ್ರಿ ಮಾಸ್ತರ್ರ, ಕಾವು, ಭಾರ ತಡಕೊಂಡ್ರನ ಗಟ್ಟಿ ಆಗೂದಂತ. ಇಷ್ಟ ಸಣ್ಣ ಹುಡುಗೀನ ಹೆಂಗ ಕಳಸೂದು ಅಂತ ನಾನೂ ಹಿಂದ ಮುಂದ ನೋಡಾಕತ್ತಿದ್ದೆ. ನಿಮ್ಮ ಮಾತು ಕೇಳಿ ಧೈರ್ಯ ಬಂತ್ರಿ."

"ಅಯ್ಯೋ ಮಾರಾಯಾ, ಅದು ಕಲ್ಲಿನ ಮಾತೋ!"

"ತಿಳದವ್ರ ಮಾತು ಎಲ್ಲಾದಕ್ಕೂ ಹೊಂದತಾವ್ರಿ" ಎಂದು ಅವನು ಎತ್ತು ಹೂಡಲು ಹೋದ. ಅವನ ಮುಖದಲ್ಲಿ ನನ್ನ ಮೇಲೆ ಭಕ್ತಿಯೇ ಇತ್ತು.

ನನ್ನ ಹೆಂಡತಿ ಶೇಖರಮ್ಮ ಬಂದು ಹಂಪವ್ವನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅಡಿಕೆ, ಅರಿಶಿಣ ಬೇರು. ಉಡಿ ತುಂಬುವುದು ಹೆಂಗಸರ ಕೆಲಸವೆಂದು ಗೊತ್ತಿದ್ದೂ ನನಗೆ ತಡೆಯಲಾಗಲಿಲ್ಲ. ಕಿಸೆಯಲ್ಲಿದ್ದ ಬಳಪ ತೆಗೆದು ಅದರೊಳಗೆ ಹಾಕಿದೆ.

ಹಂಪವ್ವ ಅಕ್ಕಿಯಲ್ಲಿ ಕೈಯಾಡಿಸಿ ಅದನ್ನು ಹುಡುಕಿದಳು. ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟಳು.

"ಸಣ್ಣ ಹುಡುಗರಿಗೆ ಕೊಡ್ರಿ ಮಾಸ್ತರ್ರ. ಅಲ್ಲಿ ಪಾಟಿ ಇಲ್ಲ."