ಬಿಡು, ನಾನು ಮಾಡ್ತೀನಿ

ಕಾರ್ಖಾನೆಯ ಶಿಶುಮನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಳೆಂದು ಅಲ್ಲಿನ ಆಯಾಳನ್ನು ಕೆಲಸದಿಂದ ತೆಗೆದರು. ಆದೇಶದಲ್ಲಿ ‘ಮಕ್ಕಳ ಪಾಲಿಗೆ ಅಪಾಯಕಾರಿ’ ಎಂದು ಬರೆದಿತ್ತು. ಅದೇ ವರ್ಷ ಹೊಲಿಗೆ ವಿಭಾಗದಲ್ಲಿ ಹನ್ನೊಂದು ಹೆಂಗಸರ ಬೆರಳಿಗೆ ಸೂಜಿ ಹೊಕ್ಕಿತ್ತು. ಅದಕ್ಕೆ ಯಾರನ್ನೂ ತೆಗೆಯಲಿಲ್ಲ.

ಇಪ್ಪತ್ತೆಂಟು ವರ್ಷಗಳ ಮೇಲೆ, ಆ ಆಯಾಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಅವಳ ತಂಗಿ ಕಪಾಟಿನಿಂದ ಅಕ್ಕನ ಮಗಳ ಬಟ್ಟೆಗಳನ್ನು ತೆಗೆತೆಗೆದು ಚೀಲಕ್ಕೆ ತುರುಕುತ್ತಿದ್ದಳು.

“ಚಿಕ್ಕಮ್ಮ, ನಾನು ಇಲ್ಲೇ ಇರ್ತೀನಿ ಅಂದೆನಲ್ಲ.”

“ಇದ್ದು? ಮೂವತ್ತೆರಡು ವರ್ಷ ಆಯ್ತು, ಒಂದು ದಿನ ಒಲೆ ಹಚ್ಚಿದೀಯಾ? ನಿಮ್ಮಮ್ಮ ನಿನ್ನನ್ನ ಗಾಜಿನ ಬೊಂಬೆ ಮಾಡಿಟ್ಟು ಹೋದ್ಲು. ಇನ್ನು ಧೂಳು ಒರೆಸೋಳು ನಾನೇ ತಾನೆ? ನಡಿ, ವ್ಯಾನಿನವನು ಕಾಯಲ್ಲ.”

ರಸ್ತೆಯಾಚೆಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಗಳದು. ಹೋದ ತಿಂಗಳವರೆಗೂ ಅಮ್ಮನೇ ಕೈಹಿಡಿದು ದಾಟಿಸಿ, ಬಾಗಿಲವರೆಗೆ ಬಿಟ್ಟುಬರುತ್ತಿದ್ದಳು.

ಗೋಡೆಗೊರಗಿ ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು. ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್.

“ಆಯಮ್ಮನ ಮಗಳಿಗೆ ಒಲೆ ಹಚ್ಚೋಕೆ ಬರಲ್ವಾ? ಯಾರಿಗೆ ಹೇಳ್ತೀರಾ! ನಂಗೆ ಆರು ವರ್ಷಕ್ಕೇ ಚಾಕು ಕೊಟ್ಟಿದ್ರು.” ಎಡಗೈಯ ತೋರುಬೆರಳು ಚಾಚಿದಳು. ಉಗುರಿನ ಕೆಳಗೆ ಬಿಳಿ ಗೆರೆ. “ನೋಡು, ಅವತ್ತಿನ ಸೌತೆಕಾಯಿ ನಂದೇ.”

*

ಶಿಶುಮನೆಯಲ್ಲಿ ಆಯಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು, ಅವು ತಾವಾಗಿ ಮಕ್ಕಳ ನೆರವಿಗೆ ಹೋಗದಿರಲೆಂದು.

“ಚಾಕು ಕೈಜಾರಿದ್ರೆ ಹಿಡಿಯೋಕೆ ಹೋಗ್ಬೇಡಿ, ಕಾಲು ಹಿಂದಕ್ಕೆ ತಗೊಳ್ಳಿ. ರಸ್ತೇಲಿ ಗಾಡಿ ನೋಡಿದ್ರೆ ಸಾಲ್ದು, ಓಡಿಸೋನ ಕಣ್ಣು ನೋಡಿ. ಅವನು ನಿಮ್ಮನ್ನ ನೋಡಿಲ್ವಾ? ಹಾಗಾದ್ರೆ ನಿಲ್ಲಿ. ಯಾರಾದ್ರೂ ಮೈಮುಟ್ಟಿದಾಗ ಬೇಡ ಅನ್ಸಿದ್ರೆ ಕೂಗಿ. ದೊಡ್ಡೋರಾದ್ರೂ ಸರಿ, ಕೂಗಿ. ಆಮೇಲೆ ನಾನಿದೀನಿ.”

ಅಂದು ಹುಡುಗಿ ರಕ್ತ ಕಂಡು ಕಿರುಚಿದಳು. ಆಯಾ ನಲ್ಲಿ ತೋರಿಸಿದಳು. “ತೊಳಿ. ಈ ಬಟ್ಟೆ ಒತ್ತಿ ಹಿಡಿ. ಕೈ ಮೇಲೆತ್ತು. ಈಗ ಎಣಿಸು.”

ಹುಡುಗಿಗೆ ಐವತ್ತರವರೆಗೆ ಮಾತ್ರ ಬರುತ್ತಿತ್ತು. ನಾಲ್ಕು ಸಲ ಎಣಿಸಿದಳು. ರಕ್ತ ನಿಂತಿತು. ಉಳಿದರ್ಧ ಸೌತೆಕಾಯಿಯನ್ನೂ ತಾನೇ ಹೆಚ್ಚಿ ಮುಗಿಸಿದಳು. ಮೇಲ್ವಿಚಾರಕನಿಗೆ ಕಂಡದ್ದು ಬಟ್ಟೆಯ ಮೇಲಿನ ಕಲೆ ಮಾತ್ರ.

*

“ಅಮ್ಮ ಚಾಕು ಕಿತ್ಕೊಳ್ಳಲಿಲ್ವಾ?” ಮಗಳು ಕೇಳಿದಳು.

“ಆಯಮ್ಮನಾ? ಕಿತ್ಕೊಳ್ಳೋದಾ? ಹೆದರಿ ನಾನೇ ವಾಪಸ್ ಕೊಟ್ರೆ ತಗೊಳ್ಳಲಿಲ್ಲ ಕಣೇ. ನಮ್ಮಮ್ಮ ಹೋಗಿ ಮೇಲಿನೋರ ಹತ್ರ ಜಗಳಾನೂ ಆಡಿದ್ಲು, ನನ್ನ ಮಗಳ ಬೆರಳು ಕೊಯ್ದ್ರೆ ನಿಮಗ್ಯಾಕ್ರೀ ಉರಿ ಅಂತ. ಯಾರು ಕೇಳ್ತಾರೆ?”

“ಇನ್ನೂ ಹೇಳು.”

ಕಟಿಂಗ್ ಮಾಸ್ಟರ್ ಹೇಳುತ್ತ ಹೋದಳು. ಅವಳ ಮಾತಿನಲ್ಲಿ ಕಾಣುತ್ತಿದ್ದ ಆ ಆಯಾಳ ಜೊತೆ ಒಂದೇ ಒಂದು ದಿನ ಬಾಳಬೇಕೆನಿಸಿತು ಮಗಳಿಗೆ.

*

ಮಗಳು ಕಂಡ ಅಮ್ಮ ಬೇರೆ. ಆ ಆದೇಶವನ್ನು ಕಪಾಟಿನ ಬಟ್ಟೆಗಳಡಿ ಜೋಪಾನವಾಗಿಟ್ಟವಳು. ಚಾಕುವಿನತ್ತ ಕೈ ಹೋದರೆ, “ಬಿಡು, ನಾನು ಮಾಡ್ತೀನಿ.” ಬಿಸಿನೀರೆಂದರೆ, “ಬಿಡು.” ಸೈಕಲ್ಲೆಂದರೆ, “ನಾನಿದೀನಲ್ಲ, ನಡಿ.”

ಹದಿನಾರರಲ್ಲಿ ಮಗಳು ರೇಗಿದ್ದಳು. “ಎಲ್ಲಾರೂ ಮಾಡ್ತಾರೆ. ನಾನೊಬ್ಳು ಯಾಕೆ ಬೇಡ?”

ಅಮ್ಮ ತನ್ನ ಅಂಗೈಗಳನ್ನೇ ನೋಡಿಕೊಂಡಳು. “ಮಕ್ಕಳಿಗೆ ನಾನು ಅಪಾಯ ಅಂತ ಬರೆದುಕೊಟ್ಟಿದಾರೆ ಕಣೇ. ಅಷ್ಟು ಓದಿದೋರು ಸುಳ್ಳು ಬರೀತಾರಾ?”

*

ಚಿಕ್ಕಮ್ಮ ಚೀಲವನ್ನು ಕೆಳಗಿಳಿಸಿ ವ್ಯಾನಿನ ಪಕ್ಕ ಇಟ್ಟಳು. ಕಟಿಂಗ್ ಮಾಸ್ಟರ್ ಬೀಳ್ಕೊಡಲು ಬಂದು ಮೆಟ್ಟಿಲ ಬಳಿ ನಿಂತಿದ್ದಳು.

“ವ್ಯಾನ್ ಹತ್ತು.”

“ಬರಲ್ಲ ಚಿಕ್ಕಮ್ಮ.”

“ಹುಚ್ಚಾ ನಿಂಗೆ? ನಾಳೆ ಬೆಳಿಗ್ಗೆ ಏನ್ ತಿಂತೀಯ?”

“ಗೊತ್ತಿಲ್ಲ.”

“ಕೈ ಸುಟ್ಕೊಂಡ್ರೆ?”

“ಸುಟ್ಕೋತೀನಿ.”

“ನಿಮ್ಮಮ್ಮ ಇದ್ದಿದ್ರೆ ಒಪ್ತಿದ್ಲಾ ಇದಕ್ಕೆ?”

“ಯಾವ ಅಮ್ಮ, ಚಿಕ್ಕಮ್ಮ?”

ವ್ಯಾನಿನವನು ಹಾರ್ನ್ ಒತ್ತಿದ. ಮಗಳು ಬಗ್ಗಿ ಚೀಲ ಎತ್ತಿದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು, ಒಂದು ಪಕ್ಕಕ್ಕೆ ವಾಲಿದಳು. ಕಟಿಂಗ್ ಮಾಸ್ಟರ್ ದಾರಿ ಬಿಟ್ಟಳು.

“ಇಡು ಕೆಳಗೆ! ಇಡು ಅಂದೆ!” ಚಿಕ್ಕಮ್ಮ ಕೂಗಿದಳು.

ಚೀಲ ಪ್ರತಿ ಮೆಟ್ಟಿಲಿಗೂ ಬಡಿಯುತ್ತ ಮೇಲೆ ಹೋಯಿತು. ಮೊದಲ ಮಹಡಿಯಲ್ಲಿ ಸದ್ದು ನಿಂತಿತು. ಕೆಳಗಿದ್ದವರು ತಲೆಯೆತ್ತಿ ಕಾದರು. ಅವಳು ಕೈ ಬದಲಿಸಿಕೊಂಡಿರಬೇಕು. ಸದ್ದು ಮತ್ತೆ ಮೇಲಕ್ಕೆ ಹೊರಟಿತು.