ಒಂದು ರೂಟಿನ ಅನುಮತಿ

ಆರು ವಾರದಿಂದ ಆಯಾ ರತ್ನಕ್ಕ ರಿಪೋರ್ಟಿನ ಕಾಗದ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಹೆಬ್ಬಾಳದ ಆ ಆಸ್ಪತ್ರೆಯಲ್ಲಿ ಲ್ಯಾಬು ನೆಲಮಾಳಿಗೆಯಲ್ಲಿ, ವಾರ್ಡು ಮೂರನೇ ಮಹಡಿಯಲ್ಲಿ. ರಕ್ತಪರೀಕ್ಷೆಯ ರಿಪೋರ್ಟು ಕೆಳಗಿನ ಕಂಪ್ಯೂಟರಿನಲ್ಲಿ ಸಿದ್ಧವಾದರೂ ಮೇಲೆ ಡಾಕ್ಟರ ಪರದೆಗೆ ಬರುತ್ತಿರಲಿಲ್ಲ. ಇದ್ದ ಒಂದು ಲಿಫ್ಟು ಸ್ಟ್ರೆಚರುಗಳಿಗೇ ಸಾಲುತ್ತಿರಲಿಲ್ಲ.

ಇದನ್ನು ಸರಿಮಾಡಬೇಕಾದವಳು ಪದ್ಮಶ್ರೀ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ನೆಟ್‌ವರ್ಕ್ ಅವಳ ಕೈಯಲ್ಲಿತ್ತು. ಆರು ವಾರದ ಹಿಂದೆ, ಹೊರಗಿನವರು ನಡೆಸುತ್ತಿದ್ದ ಲ್ಯಾಬನ್ನು ಆಸ್ಪತ್ರೆ ತನ್ನೊಳಗೆ ಸೇರಿಸಿಕೊಂಡಾಗ, ಅದರ ಹಳೆಯ ಯಂತ್ರಗಳನ್ನು ನಂಬದೆ ಅವಳೇ ಅದನ್ನು ಬೇರೆ ಇಟ್ಟಿದ್ದಳು. ಕಂಪ್ಯೂಟರುಗಳ ನಡುವೆ ಮಾಹಿತಿಗೆ ದಾರಿ ತೋರುವ ರೂಟರ್ ಪೆಟ್ಟಿಗೆ ಒಂದೇ. ಅದರೊಳಗೆ ದಾರಿಗಳ, ಅಂದರೆ ರೂಟುಗಳ, ಪಟ್ಟಿ ಎರಡು, ವಾರ್ಡಿಗೊಂದು, ಲ್ಯಾಬಿಗೊಂದು. ಒಂದರಲ್ಲಿರುವ ದಾರಿ ಇನ್ನೊಂದಕ್ಕೆ ಕಾಣದು. ರಿಪೋರ್ಟ್ ಇಡುವ ಸರ್ವರಿನ ದಾರಿಯೊಂದನ್ನು ವಾರ್ಡಿನ ಪಟ್ಟಿಯ ಜೊತೆ ಹಂಚಿಕೊಳ್ಳಲು ಅನುಮತಿ ಕೇಳಿ ಅವಳು ಆಡಳಿತ ಕಚೇರಿಗೆ ನಾಲ್ಕು ಮೇಲ್ ಕಳಿಸಿದ್ದಳು. ನಾಲ್ಕಕ್ಕೂ ‘ನೋಡೋಣ’ ಎಂಬ ಉತ್ತರ. ಐದನೆಯದನ್ನು ಬರೆಯುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ರತ್ನಕ್ಕ ಎರಡನೇ ಮಹಡಿಯ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದಾಳೆ.

“ಏನಾಯ್ತು ರತ್ನಕ್ಕ?”

“ಏನಿಲ್ರಿ ಮೇಡಂ, ಮೊಣಕಾಲು ಒಲ್ಲೆ ಅನ್ನಾಕತ್ತಾವ. ಎರಡ ನಿಮಿಷ ಕುಂತು ಏಳ್ತೇನಿ.” ಗದಗ ಬಿಟ್ಟು ಇಪ್ಪತ್ತು ವರ್ಷವಾದರೂ ಅವಳ ಮಾತು ಬದಲಾಗಿರಲಿಲ್ಲ. “ಸಿಸ್ಟರ್‌ಗೆ ಈ ಕಾಗದ ಲಗೂನ ಬೇಕಂತ ನೋಡ್ರಿ.”

ಪದ್ಮಶ್ರೀ ಕಾಗದ ಇಸಿದುಕೊಂಡು ತಾನೇ ಮೇಲೆ ಕೊಟ್ಟು ಬಂದಳು. ಕೆಳಗೆ ಅವಳ ಕೋಣೆಯಲ್ಲಿ ಮ್ಯಾನೇಜರ್ ಹೇಮಂತ ಕಾಯುತ್ತಿದ್ದ. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು.

“ಮೇಡಂ, ಮಧ್ಯಾಹ್ನ ಡೈರೆಕ್ಟರ್ ರೌಂಡ್ಸ್ ಇದೆ. ಅಷ್ಟೊತ್ತಿಗೆ ವಾರ್ಡಲ್ಲಿ ರಿಪೋರ್ಟ್ ಕಾಣ್ಲೇಬೇಕು.”

“ಸರ್ವರ್‌ದು ಒಂದೇ ರೂಟ್ ಹಾಕ್ತೀನಿ ಹೇಮಂತ್. ಅಷ್ಟು ಸಾಕು.”

“ನಾಳೆ ಎಕ್ಸ್‌ರೇ ಕೇಳ್ತಾರೆ, ನಾಡಿದ್ದು ಇನ್ನೇನೋ. ಪ್ರತಿ ಸಲ ಯಾರ್ ಪರ್ಮಿಷನ್ ಕೇಳ್ತಾ ಕೂರೋದು? ಲ್ಯಾಬಿಂದು ಎಲ್ಲಾ ಒಂದೇ ಸಲ ಹಾಕ್ಬಿಡಿ.”

ಒಂದೇ ವಿಳಾಸ ಎರಡು ಕಡೆ ಇಲ್ಲವಲ್ಲ ಎಂದು ಎರಡೂ ಕಡೆಯ ಕಂಪ್ಯೂಟರುಗಳ ವಿಳಾಸಗಳನ್ನು ಮೊದಲು ತಾಳೆ ನೋಡಬೇಕು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಅರ್ಧ ದಿನ ಬೇಕು. ಇವನ ಜೊತೆ ವಾದಿಸಲು ತ್ರಾಣ ಬೇಕು. ಎರಡೂ ಇರಲಿಲ್ಲ.

“ಆಯ್ತು” ಎಂದಳು.

ಹನ್ನೊಂದೂಕಾಲಿಗೆ ಎಲ್ಲ ದಾರಿಗಳನ್ನೂ ಹಂಚಿದಳು. ಎರಡು ನಿಮಿಷಕ್ಕೆ ಫೋನು. ಮೂರನೇ ಮಹಡಿಯ ಸಿಸ್ಟರ್ ನಸೀಮಾ.

“ಮೇಡಂ, ಔಷಧಿ ಸ್ಕ್ರೀನ್ ಪೂರ್ತಿ ಹೋಯ್ತು! ಯಾರಿಗೆ ಯಾವ ಡೋಸ್ ಅಂತಾನೇ ಕಾಣ್ತಿಲ್ಲ.”

ಪದ್ಮಶ್ರೀಗೆ ಕೂತಲ್ಲೇ ಅರ್ಥವಾಯಿತು. ಲ್ಯಾಬಿನ ಹಳೆಯ ಯಂತ್ರಗಳಿಗೂ ವಾರ್ಡಿನ ಔಷಧಿ ಸರ್ವರಿಗೂ ಒಂದೇ ಸಾಲಿನ ವಿಳಾಸಗಳು. ಪಟ್ಟಿ ಬೇರೆ ಬೇರೆ ಇದ್ದಷ್ಟು ದಿನ ತಂಟೆಯಿರಲಿಲ್ಲ. ಈಗ ಲ್ಯಾಬಿನ ದಾರಿಯೇ ಹೆಚ್ಚು ನಿಖರವೆಂದು ರೂಟರ್ ಅದನ್ನೇ ಹಿಡಿದಿತ್ತು. ಔಷಧಿಯ ಬಗ್ಗೆ ವಾರ್ಡು ಕೇಳಿದ ಪ್ರಶ್ನೆಗಳೆಲ್ಲ ನೆಲಮಾಳಿಗೆಗೆ ಹೋಗಿ ಸಾಯುತ್ತಿದ್ದವು. ಹಾಕಿದ್ದನ್ನೆಲ್ಲ ತೆಗೆದಳು. ಪರದೆಗಳು ಮರಳಲು ಒಟ್ಟು ಆರು ನಿಮಿಷ ಹಿಡಿಯಿತು.

ಮೇಲೆ ಓಡಿದಳು. ನಸೀಮಾ ಎಲ್ಲರ ಡೋಸನ್ನೂ ತಡೆಹಿಡಿದು, ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬೆಳಗಿನ ಔಷಧಿ ಚೀಟಿ ನೋಡುತ್ತಿದ್ದಳು. “ಯಾರಿಗೂ ಏನೂ ಆಗಿಲ್ಲ ಮೇಡಂ. ನೀವು ಮೊದ್ಲು ನೀರು ಕುಡೀರಿ” ಎಂದಳು.

ಆಮೇಲೆ ಪದ್ಮಶ್ರೀ ಯಾರನ್ನೂ ಕೇಳಲಿಲ್ಲ. ರಿಪೋರ್ಟ್ ಸರ್ವರಿನ ವಿಳಾಸವನ್ನು ಎರಡೂ ಕಡೆ ತಾಳೆ ನೋಡಿ, ಆ ಒಂದು ದಾರಿಯನ್ನು ಮಾತ್ರ ವಾರ್ಡಿನ ಪಟ್ಟಿಗೆ ಸೇರಿಸಿದಳು. ಡಾಕ್ಟರ ಪರದೆ ಆಗಲೂ ಖಾಲಿಯೇ. ಪ್ರಶ್ನೆ ಕೆಳಗೆ ಹೋಗುತ್ತಿತ್ತು, ಉತ್ತರಕ್ಕೆ ಮೇಲೆ ಬರುವ ದಾರಿ ಲ್ಯಾಬಿನ ಪಟ್ಟಿಯಲ್ಲಿರಲಿಲ್ಲ. ವಾರ್ಡಿನ ಡಾಕ್ಟರ ಕಂಪ್ಯೂಟರುಗಳ ದಾರಿಯನ್ನು ಅಲ್ಲಿಗೂ ಕೊಟ್ಟಳು. ಒಂದೂವರೆಗೆ ಮೊದಲ ರಿಪೋರ್ಟು ಮೂರನೇ ಮಹಡಿಯಲ್ಲಿ ತೆರೆದುಕೊಂಡಿತು. ಡೈರೆಕ್ಟರ್ ನೋಡಿ ತಲೆಯಾಡಿಸಿ ಮುಂದೆ ಹೋದರು.

ಸಂಜೆ ಹೇಮಂತ ಬಂದು ಬಾಗಿಲು ಮುಂದೆ ಮಾಡಿದ. “ಬೆಳಿಗ್ಗೆ ಆಗಿದ್ದರ ವರದೀಲಿ ಲ್ಯಾಬಿನ ಹಳೇ ಮಷಿನ್ ಪ್ರಾಬ್ಲಂ ಅಂತ ಬರೆದ್ಬಿಡಿ ಮೇಡಂ.”

“ಮಷಿನ್ ಏನ್ ಮಾಡ್ತು? ನೀವ್ ಹೇಳಿದ್ರಿ, ನಾನು ತಾಳೆ ನೋಡದೇನೇ ಮಾಡ್ದೆ. ಹಾಗೇ ಬರೀತೀನಿ.”

“ನಿಮ್ಗೂ ಮೆಮೋ ಬರುತ್ತೆ.”

“ಬರ್ಲಿ ಬಿಡಿ.”

ಗುರುವಾರ ಇಬ್ಬರಿಗೂ ಮೆಮೋ ಬಂತು. ಅದರ ಜೊತೆಗೇ ಒಂದು ಹೊಸ ನಿಯಮವೂ ಬಂತು: ಇನ್ನು ಮುಂದೆ ದಾರಿ ಹಂಚುವುದು ಒಂದೊಂದಾಗಿ, ತಾಳೆ ನೋಡಿದ ಮೇಲೆ, ಅನುಮತಿಗೆ ಒಂದೇ ದಿನ. ರತ್ನಕ್ಕನನ್ನು ಟೋಕನ್ ಕೊಡುವ ಕೌಂಟರಿಗೆ ಹಾಕಿದರು. ಅಲ್ಲಿ ಕುರ್ಚಿಯಿತ್ತು.

ಅಂದು ಸಂಜೆ ಪದ್ಮಶ್ರೀ ಮೆಮೋಗೆ ಸಹಿ ಹಾಕಿ ಬಸ್ಸು ಹತ್ತಿದಳು. ಇಳಿಯಬೇಕಿದ್ದುದು ಯಲಹಂಕದಲ್ಲಿ. ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದಾಗ ಹೊರಗೆ ಕೊನೆಯ ನಿಲ್ದಾಣ, ರಾಜಾನುಕುಂಟೆ.

“ಇಷ್ಟೇ ಅಮ್ಮ, ಬಸ್ಸು ಮುಂದಕ್ಕೋಗಲ್ಲ.”

“ವಾಪಸ್ ಯಾವಾಗ ಹೊರಡುತ್ತೆ?”

“ಇಪ್ಪತ್ತು ನಿಮಿಷ ಆಗ್ತದೆ.”

“ಹಾಗಿದ್ರೆ ಇಲ್ಲೇ ಕೂತಿರ್ತೀನಪ್ಪ” ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.