ಗೋರಿಯವರೆಗೆ ಕಾವಲು

ಪೊಲೀಸರ ನಾಯಿ ಬಾಂಬು ಹುಡುಕುತ್ತ ಹೂಮಾಲೆಗಳನ್ನೆಲ್ಲ ಮೂಸಿ ಮುಗಿಸುವ ತನಕ ಐಡೆಲ್ಲಾ ಚರ್ಚಿನ ಮೆಟ್ಟಿಲ ಮೇಲೆಯೇ ಕಾಯಬೇಕಾಯಿತು. ಒಳಗೆ ಪೆಟ್ಟಿಗೆಯಲ್ಲಿ ಅವಳ ಗಂಡ ಮಲಗಿದ್ದ. ಡಾಕ್ಟರ್ ಹಾರ್ಲನ್ ಟೀಗ್. ಈ ಕಡಲತೀರದ ಊರಲ್ಲಿ ಅರ್ಧದಷ್ಟು ಮಕ್ಕಳು ಹುಟ್ಟಿದ್ದು ಅವನ ಕೈಯಲ್ಲಿ. ಕ್ಲಿನಿಕ್ಕಿನಲ್ಲಿ ಗರ್ಭಪಾತ ಮಾಡುತ್ತಿದ್ದವನೂ ಅವನೇ.

ಎದುರಿನ ಔಷಧಿ ಅಂಗಡಿಯ ಮಾಳಿಗೆ ಮೇಲೆ ಬಂದೂಕು ಹಿಡಿದ ಇಬ್ಬರು ಪೊಲೀಸರು ನಿಂತಿದ್ದರು. ರಸ್ತೆಯಾಚೆ ಗರ್ಭಪಾತ ವಿರೋಧಿಸಿ ಫಲಕ ಹಿಡಿದವರ ಗುಂಪನ್ನು ಹಗ್ಗ ಕಟ್ಟಿ ತಡೆದಿದ್ದರು. ವಾಷಿಂಗ್ಟನ್ನಿನಿಂದ ಬಂದ ಅಧಿಕಾರಿಗಳ ಕಪ್ಪು ಕಾರುಗಳು ಸಾಲಾಗಿ ನಿಂತಿದ್ದವು.

"ಇಷ್ಟು ಜನ ಪೊಲೀಸರು ನಮ್ಮೂರಲ್ಲಿದಾರೆ ಅಂತ ಗೊತ್ತೇ ಇರ್ಲಿಲ್ಲ ನೋಡು," ಎಂದಳು ಪಕ್ಕದ ಮನೆಯ ವರ್ನಾ. ಆಮೇಲೆ ದನಿ ತಗ್ಗಿಸಿ, "ನನ್ನ ಎರಡು ಮಕ್ಳನ್ನೂ ಎತ್ತಿಕೊಟ್ಟೋರು ಅವ್ರೇ. ಅವ್ರಿಗೆ ಕೆಟ್ಟದ್ದು ಬಯಸ್ದೋಳಲ್ಲ ನಾನು. ಆದ್ರೂ ಆ ಕೆಲ್ಸ ಬಿಡಬಹುದಿತ್ತು ಐಡೆಲ್ಲಾ."

"ನಾನೂ ಹೇಳಿದ್ದೆ," ಎಂದಳು ಐಡೆಲ್ಲಾ. "'ನಾನು ಬಿಟ್ರೆ ಆ ಹೆಣ್ಮಕ್ಳು ಯಾರ ಹತ್ರ ಹೋಗ್ತಾರೆ?' ಅಂದ."

*

ಹಾರ್ಲನ್ ವೀರನೇನಲ್ಲ. ಹಲ್ಲು ಕೀಳಿಸಿಕೊಳ್ಳಲೂ ಹೆದರುತ್ತಿದ್ದ. ಸಿಗಡಿ ಬೇಯಿಸಲು ಹೋಗಿ ಪ್ರತಿಸಲವೂ ರಬ್ಬರು ಮಾಡಿಡುತ್ತಿದ್ದ. ಕಾರಿಗೆ ಬಾಂಬಿಡುತ್ತೇವೆಂಬ ಬೆದರಿಕೆಯ ಫೋನುಗಳು ಶುರುವಾದಾಗ ರಾತ್ರಿ ಎದ್ದೆದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದ.

ಕ್ಲಿನಿಕ್ಕಿನ ಹೊರಗೆ ಒಬ್ಬ ದಿನವೂ ಬಂದು ನಿಂತು ಹಾರ್ಲನ್‌ನ ಹೆಸರು ಕೂಗುತ್ತಿದ್ದ. ಗಂಡ ಹೆಂಡತಿ ಇಬ್ಬರೂ ನಗರ ಪೊಲೀಸರ ಬಳಿ ಹೋದರು. "ಮಾತಾಡೋಕೆ ಅವ್ನಿಗೂ ಹಕ್ಕಿದೆ ಡಾಕ್ಟ್ರೇ," ಎಂದರು ಪೊಲೀಸರು. ಜಿಲ್ಲಾ ಪೊಲೀಸರ ಮುಖ್ಯಸ್ಥ ಶೆರೀಫ್ ಕ್ಲೆಟಸ್ ರೇನ್ಸ್, "ಅದು ನಗರದ ಎಲ್ಲೆ, ನಮ್ದಲ್ಲ," ಎಂದ. ಕೇಂದ್ರ ಸರ್ಕಾರದ ಅಧಿಕಾರಿ ಎಲ್ಲ ಕೇಳಿಸಿಕೊಂಡು, "ಅವ್ನು ಏನಾದ್ರೂ ಮಾಡಿದ್ರೆ ತಕ್ಷಣ ನಮಗೆ ತಿಳಿಸಿ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಬೇರೆ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಒಬ್ಬ ಡಾಕ್ಟರನ್ನು ಕೊಂದಾಗ ಮಾತ್ರ ಇಲ್ಲಿಗೂ ಕೇಂದ್ರದ ಇಬ್ಬರು ಮಾರ್ಷಲ್‌ಗಳು ಕಾವಲಿಗೆ ಬಂದರು. ಹಾರ್ಲನ್ ಅವರಿಗೆ ಕಾಫಿ ಕೊಟ್ಟ, ಒಬ್ಬನ ಬೆನ್ನುನೋವಿಗೆ ಮಾತ್ರೆ ಕೊಟ್ಟ. ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದ. ಪೇಪರಿನಲ್ಲಿ ಆ ಸುದ್ದಿ ಹಳತಾಯಿತು, ಜನ ಸಾಲುವುದಿಲ್ಲವೆಂದು ಅವರನ್ನು ವಾಪಸು ಕರೆಸಿಕೊಂಡರು.

ಆಮೇಲೊಂದು ಬೆಳಿಗ್ಗೆ, ಕ್ಲಿನಿಕ್ಕಿನ ಮುಂದೆ, ನರ್ಸ್ ಡೆಲ್ಫೀನ್‌ಗೆಂದು ಹಿತ್ತಲಿನ ಟೊಮೆಟೊ ಬುಟ್ಟಿಯನ್ನು ಕಾರಿನಿಂದ ಎತ್ತಿಕೊಳ್ಳಲು ಹಾರ್ಲನ್ ಬಗ್ಗಿದ್ದ. ದಿನವೂ ಕೂಗುತ್ತಿದ್ದವನು ಅಂದು ಕೂಗಲಿಲ್ಲ. ಹಿಂದಿನಿಂದ ಬಂದು ಗುಂಡು ಹೊಡೆದ.

*

ಮಣ್ಣು ಮಾಡಿದ ಮೇಲೆ ಚರ್ಚಿನ ಊಟದ ಕೋಣೆಯಲ್ಲಿ ಹಂದಿಮಾಂಸ, ಆಲೂಗಡ್ಡೆ ಪಲ್ಯ, ಸಿಹಿ ಚಹಾ ಇಟ್ಟಿದ್ದರು. ಶೆರೀಫ್ ರೇನ್ಸ್ ಹ್ಯಾಟು ತೆಗೆದು ಐಡೆಲ್ಲಾಳ ಎದುರು ನಿಂತ.

"ಇವತ್ತು ಒಂದು ಕಲ್ಲೂ ಬೀಳದ ಹಾಗೆ ನೋಡ್ಕೊಂಡಿದೀವಿ ಅಮ್ಮಾ."

"ನೋಡ್ದೆ. ನಾಳೆ ಇವ್ರೆಲ್ಲ ಎಲ್ಲಿರ್ತಾರೆ?"

ಅವನು ಹ್ಯಾಟಿನ ಅಂಚನ್ನು ಬೆರಳಲ್ಲಿ ತಿರುಗಿಸಿದ. "ಇವತ್ತಿನ ಮಟ್ಟಿಗೆ ಆರ್ಡರ್ ಇದೆ. ನಾಳೆದು ಮೇಲಿನೋರು ಹೇಳ್ಬೇಕು."

"ಮೇಲಿನೋರು ಅಂದ್ರೆ ಯಾರು ಕ್ಲೆಟಸ್? ಹಾರ್ಲನ್ ಕೂಡ ಅವ್ರನ್ನೇ ಹುಡುಕ್ತಿದ್ದ."

ಶೆರೀಫ್ ತಲೆ ತಗ್ಗಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಬೈಯಲು ಎದುರಿಗೆ ಸಿಕ್ಕವನೂ ಅಳುತ್ತಿರುವಾಗ ಏನು ಮಾಡಬೇಕೋ ತಿಳಿಯದೆ ಐಡೆಲ್ಲಾ ಒಂದು ತಟ್ಟೆಗೆ ಮಾಂಸ ಬಡಿಸಿ ಅವನ ಕೈಗಿಟ್ಟಳು.

ಸಂಜೆಯ ಹೊತ್ತಿಗೆ ಕಪ್ಪು ಕಾರುಗಳು ಒಂದೊಂದಾಗಿ ಹೊರಟವು. ಮಾಳಿಗೆ ಮೇಲಿದ್ದವರು ಇಳಿದು ಬಂದರು, ಹಗ್ಗವನ್ನು ಯಾರೋ ಸುತ್ತಿ ಡಿಕ್ಕಿಗೆ ಹಾಕಿದರು. ಡೆಲ್ಫೀನ್ ಹೊರಡುವ ಮುಂಚೆ ಐಡೆಲ್ಲಾಳನ್ನು ತಬ್ಬಿಕೊಂಡಳು.

"ನಾಳೆ ಕ್ಲಿನಿಕ್ಕು ತೆಗೀತೀರಾ?" ಐಡೆಲ್ಲಾ ಕೇಳಿದಳು.

"ಬೇರೆ ರಾಜ್ಯದಿಂದ ಒಬ್ರು ಡಾಕ್ಟ್ರು ಬರ್ತಿದಾರೆ. ನಾನಿರ್ಬೇಕು."

ಹೋಗಬೇಡ ಎನ್ನಲು ಐಡೆಲ್ಲಾ ಬಾಯಿ ತೆರೆದಳು. ಆಮೇಲೆ, "ಸ್ವೆಟರ್ ಹಾಕ್ಕೋ, ಗಾಳಿ ಇದೆ," ಎಂದಳು.

ಮೆಟ್ಟಿಲ ಮೇಲೆ ನಿಂತು ನೋಡಿದಳು. ಖಾಲಿ ಅಂಗಳದಲ್ಲಿ ಡೆಲ್ಫೀನ್ ತನ್ನ ಕಾರಿನ ಹತ್ತಿರ ಹೋದಳು. ಬಾಗಿಲು ತೆಗೆಯಲಿಲ್ಲ. ಶೋಕದ ಕರಿಯ ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಾರಿನ ಅಡಿಯಲ್ಲಿ ಇಣುಕಿ ನೋಡತೊಡಗಿದಳು.